ಲಗೂನಿಗೆ ಇಳಿಯುವ ಮುನ್ನ: ಹೊತ್ತು, ಹರಿವು, ಹವಳ

ಬೆಚ್ಚನೆಯ ನೀರು, ಎದೆಮಟ್ಟದ ಆಳ, ದಡಕ್ಕೆ ಬಡಿಯುವ ಅಲೆಯಿಲ್ಲ. ಈಜು ಅಷ್ಟಾಗಿ ಬಾರದವರೂ ಚಿಕ್ಕ ಮಕ್ಕಳೂ ಧೈರ್ಯವಾಗಿ ಇಳಿಯುವ ಸಮುದ್ರವೆಂದರೆ ಲಗೂನ್. ಆ ಧೈರ್ಯ ಬಹುಮಟ್ಟಿಗೆ ಸರಿಯೇ. ಆದರೆ ಇಲ್ಲಿನ ಅಪಾಯ ಅಲೆಯಾಗಿ ಬರುವುದಿಲ್ಲ, ಹರಿವಾಗಿ ಬರುತ್ತದೆ. ಅಲೆ ಕಣ್ಣಿಗೆ ಕಾಣುತ್ತದೆ, ಹರಿವು ಕಾಣುವುದಿಲ್ಲ. ಹೀಗಾಗಿ ಲಗೂನಿಗೆ ಹೊರಡುವವರು ಮಳೆ-ಬಿಸಿಲಿನ ಮುನ್ಸೂಚನೆಗಿಂತ ಮೊದಲು ನೋಡಬೇಕಾದ್ದು ಉಬ್ಬರ-ಇಳಿತದ ವೇಳಾಪಟ್ಟಿಯನ್ನು.

ನೀರು ಯಾಕೆ ಶಾಂತವಾಗಿದೆ

ತೀರದಿಂದ ದೂರದಲ್ಲಿ ಹವಳದ ದಿಬ್ಬವೋ ಮರಳಿನ ದಿಣ್ಣೆಯೋ ಅಡ್ಡ ನಿಂತು ತೆರೆದ ಸಮುದ್ರದ ಅಲೆಯನ್ನು ಅಲ್ಲೇ ಒಡೆಯುತ್ತದೆ. ಅದರ ಒಳಗಡೆ ಉಳಿಯುವ ನೀರೇ ಲಗೂನ್. ಮಾಲ್ಡೀವ್ಸ್ ಮತ್ತು ಲಕ್ಷದ್ವೀಪದಲ್ಲಿ ದಿಬ್ಬ ಉಂಗುರದಂತೆ ಸುತ್ತುವರಿದಿದೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾದಲ್ಲಿ ದೊಡ್ಡ ದ್ವೀಪದ ಉದ್ದಕ್ಕೂ ಗೋಡೆಯಾಗಿ ನಿಂತಿದೆ; ಅಲ್ಲಿನ ಲಗೂನುಗಳು 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹವಳದ ದಿಬ್ಬ ತನ್ನ ಮೇಲೆ ಬಂದೆರಗುವ ಅಲೆಯ ಶಕ್ತಿಯಲ್ಲಿ ಸರಾಸರಿ ಶೇ. 97ರಷ್ಟನ್ನು ಕಡಿಮೆ ಮಾಡುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ.

ಅಲೆಯ ಶಕ್ತಿ ಅಲ್ಲಿಗೆ ಮುಗಿಯುತ್ತದೆ, ಆದರೆ ಅಲೆ ತಂದ ನೀರು ದಿಬ್ಬವನ್ನು ದಾಟಿ ಒಳಗೆ ಬರುತ್ತಲೇ ಇರುತ್ತದೆ. ಬಂದದ್ದು ಹೊರಗೆ ಹೋಗಲೇಬೇಕು. ಹೋಗುವ ದಾರಿ ದಿಬ್ಬದಲ್ಲಿರುವ ಒಂದೆರಡು ಕಂಡಿಗಳು. ಅದೇ ಸಾಗರದ ಬೋರಾ ಬೋರಾ ದ್ವೀಪದ ದೊಡ್ಡ ಲಗೂನಿಗೂ ಹಡಗು ಸಾಗುವಂಥ ಕಂಡಿ ಒಂದೇ ಒಂದು. ತುಂಬಿದ ತೊಟ್ಟಿಯ ಬುಡದಲ್ಲಿ ತೂತಿದ್ದರೆ ನಡುವಿನ ನೀರು ಅಲುಗದೆ ಕಂಡರೂ ತೂತಿನ ಬಳಿ ರಭಸವಾಗಿ ಎಳೆಯುತ್ತದಲ್ಲ, ಇಲ್ಲಿಯೂ ಹಾಗೆಯೇ. ಇಷ್ಟು ಮನಸ್ಸಿನಲ್ಲಿದ್ದರೆ ಮುಂದಿನ ಹೆಜ್ಜೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಹೆಜ್ಜೆ 1: ಹೊತ್ತು ಗೊತ್ತುಮಾಡಿಕೊಳ್ಳಿ

ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಇಂದು ಬೆಳಿಗ್ಗೆ 9ಕ್ಕೆ ನೀರು ತುಂಬಿದ್ದರೆ ನಾಳೆ ತುಂಬುವುದು ಸುಮಾರು 9.50ಕ್ಕೆ. ಇದಕ್ಕೆ ಅಪವಾದಗಳೂ ಇವೆ. ಪೆಸಿಫಿಕ್ಕಿನ ತಾಹಿತಿ ದ್ವೀಪದಲ್ಲಿ ಉಬ್ಬರ ಚಂದ್ರನ ಬದಲು ಸೂರ್ಯನನ್ನು ಅನುಸರಿಸುತ್ತದೆ; ನೀರು ಹೆಚ್ಚುಕಡಿಮೆ ದಿನವೂ ನಡುಹಗಲು ಮತ್ತು ನಡುರಾತ್ರಿಯ ಆಸುಪಾಸಿನಲ್ಲೇ ತುಂಬುತ್ತದೆ. ಆದ್ದರಿಂದ ನೀವು ಹೋಗುವ ಜಾಗದ ವೇಳಾಪಟ್ಟಿಯನ್ನೇ ನೋಡಿ. ನೂರು ಕಿಲೋಮೀಟರ್ ಆಚೆಯ ಬಂದರಿನ ಪಟ್ಟಿ ಸಾಲದು.

ಪಟ್ಟಿಯಲ್ಲಿ ಗಂಟೆಯ ಜೊತೆಗೆ ಎತ್ತರವನ್ನೂ ಕೊಟ್ಟಿರುತ್ತಾರೆ. ಎರಡನ್ನೂ ಬರೆದುಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಗಳಲ್ಲೂ ಅವುಗಳ ನಂತರದ ಒಂದೆರಡು ದಿನಗಳಲ್ಲೂ ಏರಿಳಿತ ಅತಿ ಹೆಚ್ಚು, ಹರಿವೂ ಅತಿ ಜೋರು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಿಮೆ. ಮೊದಲ ಬಾರಿ ಹೋಗುವವರಿಗೆ, ಮಕ್ಕಳೊಂದಿಗೆ ಹೋಗುವವರಿಗೆ ಅಷ್ಟಮಿಯ ಸುತ್ತಲಿನ ದಿನಗಳೇ ಒಳ್ಳೆಯವು.

ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ನಾವಿಕರು ಇದಕ್ಕೆ ಹನ್ನೆರಡನೇ ಪಾಲಿನ ಲೆಕ್ಕ ಇಟ್ಟುಕೊಂಡಿದ್ದಾರೆ. ಒಟ್ಟು ಏರಿಳಿತ 1.2 ಮೀಟರ್ ಎಂದಿಟ್ಟುಕೊಳ್ಳಿ. ಮೊದಲ ಗಂಟೆಯಲ್ಲಿ ನೀರು 10 ಸೆಂಟಿಮೀಟರ್ ಇಳಿಯುತ್ತದೆ, ಎರಡನೆಯದರಲ್ಲಿ 20, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ 30, ಐದರಲ್ಲಿ 20, ಆರರಲ್ಲಿ 10. ಅಂದರೆ ಒಟ್ಟು ನೀರಿನ ಅರ್ಧ ಭಾಗ ನಡುವಿನ ಎರಡೇ ಗಂಟೆಗಳಲ್ಲಿ ಕಂಡಿಯಿಂದ ಹೊರಗೆ ಹೋಗುತ್ತದೆ. ಆ ಎರಡು ಗಂಟೆ ನೀರಿನಲ್ಲಿ ಇರದಂತೆ ನಿಮ್ಮ ದಿನವನ್ನು ಜೋಡಿಸಿಕೊಳ್ಳಿ.

ಒಳ್ಳೆಯ ಹೊತ್ತು ಯಾವುದು? ನೀರು ತುಂಬುವುದಕ್ಕೆ ಎರಡು ಗಂಟೆ ಮುಂಚೆ ಇಳಿದು, ತುಂಬಿದ ಮೇಲೆ ಒಂದು ಗಂಟೆಯೊಳಗೆ ಮೇಲೆ ಬರುವುದು. ಆಗ ಹೊರಗಿನ ತಿಳಿನೀರು ಒಳಗೆ ಬರುತ್ತಿರುತ್ತದೆ, ಹವಳದ ಮೇಲೆ ಮೊಣಕಾಲು ತಾಗದಷ್ಟು ಆಳ ಇರುತ್ತದೆ, ಹರಿವು ಸಾಮಾನ್ಯವಾಗಿ ದಡದ ಕಡೆಗಿರುತ್ತದೆ. ಈ ಹೊತ್ತು ಬೆಳಗಿನಲ್ಲಿ ಬಿದ್ದರೆ ಇನ್ನೂ ಚೆನ್ನ. ಬಿಸಿಲೇರಿದಂತೆ ಕಡಲಗಾಳಿ ಎದ್ದು ಮಧ್ಯಾಹ್ನಕ್ಕೆ ನೀರಿನ ಮೇಲ್ಮೈ ಕದಡುತ್ತದೆ, ತಳದ ಮರಳೂ ಏಳುತ್ತದೆ.

ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ವೇಳಾಪಟ್ಟಿ ಹೇಳುವುದು ಹೊರಗಿನ ಸಮುದ್ರದ ಮಟ್ಟವನ್ನು. ಕಂಡಿ ಕಿರಿದಾಗಿದ್ದರೆ ಲಗೂನಿನ ಒಳಗೆ ನೀರು ತುಂಬುವುದೂ ಬರಿದಾಗುವುದೂ ತಡವಾಗುತ್ತದೆ. ಎಷ್ಟು ತಡ ಎನ್ನುವುದನ್ನು ಅಲ್ಲಿನ ದೋಣಿಯವರನ್ನೇ ಕೇಳಿ. ಅವರ ಕೆಲಸ ನಡೆಯುವುದೇ ಆ ಲೆಕ್ಕದ ಮೇಲೆ. ಎರಡನೆಯದು ಹೆಚ್ಚು ಮುಖ್ಯ. ಹೊರಗೆ ದೊಡ್ಡ ಅಲೆಗಳಿರುವ ದಿನ ದಿಬ್ಬದ ಮೇಲಿಂದ ಎಷ್ಟು ನೀರು ಸುರಿಯುತ್ತದೆಂದರೆ, ಉಬ್ಬರದ ಹೊತ್ತಿನಲ್ಲೂ ಕಂಡಿಯಲ್ಲಿ ಹರಿವು ಹೊರಮುಖವಾಗಿಯೇ ಇರಬಹುದು. ದಿಬ್ಬದ ಮೇಲೆ ಉದ್ದಕ್ಕೂ ದಪ್ಪ ಬಿಳಿ ನೊರೆ ಕಂಡು, ಅದರ ಮೊರೆತ ದಡಕ್ಕೆ ಕೇಳಿಸುತ್ತಿದ್ದರೆ ಆ ದಿನ ಪಟ್ಟಿಯನ್ನು ನಂಬಬೇಡಿ; ದಡದ ಹತ್ತಿರವೇ ಇರಿ.

ಮರಳಿನ ದಿಣ್ಣೆಯ ಹಿಂದಿರುವ ಲಗೂನಿಗೆ ಹೊಳೆ ಬಂದು ಸೇರುತ್ತಿದ್ದರೆ ಜೋರು ಮಳೆಯ ನಂತರ ಎರಡು ಮೂರು ದಿನ ಇಳಿಯಬೇಡಿ. ಚರಂಡಿ, ಹೊಲಗಳ ಕೊಳೆ ತೊಳೆದುಕೊಂಡು ಬಂದು ನಿಲ್ಲುವುದು ಈ ಅಲುಗದ ನೀರಿನಲ್ಲೇ.

ಹೆಜ್ಜೆ 2: ಕಟ್ಟಿಕೊಳ್ಳಬೇಕಾದ್ದು

ಮೊದಲು ಪಾದರಕ್ಷೆ. ದಪ್ಪ ರಬ್ಬರ್ ಅಡಿಯಿರುವ, ಬೆರಳು ಹಿಮ್ಮಡಿ ಎರಡೂ ಮುಚ್ಚುವ, ನೀರಿನಲ್ಲಿ ಕಳಚದ ಶೂ ಬೇಕು. ಹವಾಯಿ ಚಪ್ಪಲಿ ಮರಳಿನಲ್ಲಿ ಸಿಕ್ಕಿಕೊಂಡು ಉಳಿಯುತ್ತದೆ, ತೆಳ್ಳನೆಯ ಬಟ್ಟೆಯ ಶೂ ಮುಳ್ಳನ್ನು ತಡೆಯುವುದಿಲ್ಲ. ಪಾದರಕ್ಷೆ ಇಲ್ಲದೆ ಹವಳವಿರುವ ಲಗೂನಿಗೆ ಇಳಿಯಲೇಬೇಡಿ.

ಆಮೇಲೆ ಬಿಸಿಲಿನ ರಕ್ಷಣೆ. ಅರ್ಧ ಮೀಟರ್ ಆಳದಲ್ಲೂ ನೇರಳಾತೀತ ಕಿರಣದ ಶೇ. 40ರಷ್ಟು ಉಳಿದಿರುತ್ತದೆ, ಒಣ ಮರಳು ಶೇ. 15ರಷ್ಟನ್ನು ಮೇಲಕ್ಕೆ ಹೊರಳಿಸುತ್ತದೆ. ಹೀಗಾಗಿ ತಣ್ಣಗಿದೆ ಎಂದು ನೀರಿನಲ್ಲಿ ಕವುಚಿ ಮಲಗಿದವರ ಬೆನ್ನು, ಮೊಣಕಾಲಿನ ಹಿಂಭಾಗ, ಕತ್ತು ಸಂಜೆಗೆ ಸುಟ್ಟಿರುತ್ತವೆ. ಕ್ರೀಮಿಗಿಂತ ಉದ್ದ ತೋಳಿನ ಈಜುಡುಪು ಉತ್ತಮ: ಅದು ತೊಳೆದು ಹೋಗುವುದಿಲ್ಲ, ನೀರನ್ನೂ ಕೆಡಿಸುವುದಿಲ್ಲ. ಬಟ್ಟೆ ಮುಚ್ಚದ ಕಡೆಗೆ ಎಸ್‌ಪಿಎಫ್ 30 ಅಥವಾ 50ರ ಸನ್‌ಸ್ಕ್ರೀನ್ ಹಚ್ಚಿ. ವಯಸ್ಕರ ಇಡೀ ಮೈಗೆ ಒಮ್ಮೆ ಹಚ್ಚಲು ಸುಮಾರು 30 ಮಿಲಿಲೀಟರ್ ಬೇಕು. ಹೆಚ್ಚಿನವರು ಇದರ ಅರ್ಧವೂ ಹಚ್ಚುವುದಿಲ್ಲ, ಅದಕ್ಕೇ ಸುಡುತ್ತದೆ. ಇಳಿಯುವ 20 ನಿಮಿಷ ಮುಂಚೆ ಹಚ್ಚಿ. ಎರಡು ಗಂಟೆಗೊಮ್ಮೆ, ಮತ್ತು ನೀರಿನಿಂದ ಬಂದು ಒರೆಸಿಕೊಂಡಾಗಲೆಲ್ಲ ಮತ್ತೆ ಹಚ್ಚಿ.

ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ. ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇಲ್ಲದ, ಸತುವಿನ ಆಕ್ಸೈಡ್ ಇರುವ ಕ್ರೀಮ್ ಆರಿಸಿ. ಮೊದಲಿನ ಎರಡೂ ಹವಳಕ್ಕೆ ಹಾನಿಕರವೆಂದು ಪಲಾವ್ ದೇಶ 2020ರ ಜನವರಿಯಿಂದ ನಿಷೇಧಿಸಿದೆ. ಹವಾಯಿ 2021ರ ಜನವರಿಯಿಂದ ಅಂಥ ಕ್ರೀಮಿನ ಮಾರಾಟ ನಿಲ್ಲಿಸಿದೆ. ತೆರೆದ ಸಮುದ್ರದಲ್ಲಿ ಚದುರಿ ಹೋಗುವ ರಾಸಾಯನಿಕ ಲಗೂನಿನಲ್ಲಿ ಬೇಗ ಚದುರುವುದಿಲ್ಲ.

ಇವುಗಳ ಜೊತೆಗೆ ಒಬ್ಬೊಬ್ಬರಿಗೆ ಕನಿಷ್ಠ ಎರಡು ಲೀಟರ್ ಕುಡಿಯುವ ನೀರು, ಒಂದು ಸೀಸೆ ವಿನೆಗರ್, ಒಂದು ಥರ್ಮಾಸ್ ಬಿಸಿನೀರು, ಚಿಮಟ, ಸಾಬೂನು, ಬ್ಯಾಂಡೇಜ್, ಸೀಟಿ ಇರಲಿ. ಬಿಸಿನೀರು ಯಾಕೆ ಎನ್ನುವುದು ಮುಂದೆ ಬರುತ್ತದೆ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಮಟ್ಟಸವಾಗಿ ಅಳೆದು ಕರಗಿಸಿ.

ಮಕ್ಕಳ ಈಜುಡುಪು ಕಿತ್ತಳೆ, ಹಳದಿ, ಗಾಢ ಗುಲಾಬಿಯಂಥ ಕಣ್ಣಿಗೆ ಹೊಡೆಯುವ ಬಣ್ಣದ್ದಾಗಿರಲಿ. ನೀಲಿ, ಬಿಳಿ ಬಟ್ಟೆ ತೊಟ್ಟ ಮಗು ನೀರಿನಡಿ ಹೋದರೆ ದಡದಿಂದ ಕಾಣುವುದೇ ಇಲ್ಲ.

ಹೆಜ್ಜೆ 3: ಹತ್ತು ನಿಮಿಷ ದಡದಲ್ಲೇ ನಿಲ್ಲಿ

ಬಂದ ಕೂಡಲೇ ನೀರಿಗೆ ಓಡಬೇಡಿ. ಸ್ವಲ್ಪ ಎತ್ತರದ ಜಾಗದಲ್ಲಿ ನಿಂತು ನೋಡಿ. ಪೋಲರಾಯ್ಡ್ ಕನ್ನಡಕವಿದ್ದರೆ ಮೇಲ್ಮೈಯ ಹೊಳಪು ಕಡಿಮೆಯಾಗಿ ತಳ ಚೆನ್ನಾಗಿ ಕಾಣುತ್ತದೆ. ತಿಳಿ ಹಸಿರು-ನೀಲಿ ಎಂದರೆ ಮರಳಿನ ತಳ, ಕಡಿಮೆ ಆಳ. ಕಂದು, ಹಳದಿ ಮಿಶ್ರಿತ ಪಟ್ಟೆಗಳು ಮೇಲ್ಮೈಗೆ ಹತ್ತಿರವಿರುವ ಹವಳ. ಗಾಢ ನೀಲಿ ಎಂದರೆ ಆಳ. ದಡದ ಬಳಿಯ ಕಪ್ಪುಹಸಿರು ಹೆಚ್ಚಾಗಿ ಕಡಲಹುಲ್ಲು.

ಮುಖ್ಯವಾಗಿ ಕಂಡಿ ಎಲ್ಲಿದೆ ಎಂದು ಹುಡುಕಿ. ದಿಬ್ಬದ ಉದ್ದಕ್ಕೂ ಬಿಳಿ ನೊರೆಯ ಗೆರೆ ಇದ್ದು ಒಂದು ಕಡೆ ಮಾತ್ರ ಅದು ಕಡಿದು ಹೋಗಿ, ಅಲ್ಲಿ ನೀರು ಗಾಢ ನೀಲಿಯಾಗಿ, ನುಣ್ಣಗೆ ಕಂಡರೆ ಅದೇ ಕಂಡಿ. ನೋಡುವವರಿಗೆ ಇಡೀ ದಿಬ್ಬದಲ್ಲಿ ಅತಿ ಸುರಕ್ಷಿತ ಜಾಗ ಅದೇ ಎನಿಸುತ್ತದೆ, ನಿಜದಲ್ಲಿ ಅತಿ ಅಪಾಯದ ಜಾಗ ಅದು. ಕಂಡಿಯಿಂದ ಕನಿಷ್ಠ 200 ಮೀಟರ್ ದೂರದಲ್ಲಿ ನಿಮ್ಮ ಗಡಿ ಹಾಕಿಕೊಳ್ಳಿ. ದಡದ ಮೇಲಿನ ಒಂದು ಮರವನ್ನೋ ಕಟ್ಟಡವನ್ನೋ ಗುರುತಾಗಿಟ್ಟುಕೊಂಡು, ಅದನ್ನು ದಾಟಬಾರದೆಂದು ಜೊತೆಗಿರುವ ಎಲ್ಲರಿಗೂ ಹೇಳಿ.

ಗಾಳಿ ಯಾವ ಕಡೆಗೆ ಬೀಸುತ್ತಿದೆ? ದಡದಿಂದ ಸಮುದ್ರದ ಕಡೆಗಾದರೆ ನೀರು ಇನ್ನೂ ನುಣುಪಾಗಿ ಕಾಣುತ್ತದೆ. ಅಂಥ ದಿನ ಗಾಳಿ ತುಂಬಿದ ಟ್ಯೂಬು, ಹಾಸಿಗೆ, ತೇಲುವ ಆಟಿಕೆಗಳನ್ನು ಮುಟ್ಟಬೇಡಿ. ಅವು ಈಜುವವರು ಹಿಡಿಯಲಾರದಷ್ಟು ವೇಗದಲ್ಲಿ ಕೊಚ್ಚಿಹೋಗುತ್ತವೆ. ಜೀವರಕ್ಷಕರಿರುವ ತೀರದಲ್ಲಿ ಕಿತ್ತಳೆ ಬಣ್ಣದ ಗಾಳಿಚೀಲ ಹಾರಿಸಿದ್ದರೆ ಅದರ ಅರ್ಥ ಇದೇ. ಕೆಂಪು-ಹಳದಿ ಬಾವುಟಗಳ ನಡುವೆ ಈಜಬಹುದು, ಕೆಂಪು ಬಾವುಟವಿದ್ದರೆ ಇಳಿಯಬಾರದು, ನೇರಳೆ ಬಾವುಟವಿದ್ದರೆ ಕುಟುಕುವ ಜೀವಿಗಳಿವೆ ಎಂದರ್ಥ. ಗುಡುಗು ಕೇಳಿಸಿದರೆ ಎಲ್ಲರೂ ಮೇಲೆ ಬನ್ನಿ. ಕೊನೆಯ ಗುಡುಗಾಗಿ 30 ನಿಮಿಷ ಕಳೆಯುವ ತನಕ ಇಳಿಯಬೇಡಿ. ವೇಳಾಪಟ್ಟಿಯಲ್ಲಿಲ್ಲದ ಹೊತ್ತಿನಲ್ಲಿ ನೀರು ಹಠಾತ್ತನೆ ದೂರ ಸರಿದು ತಳ ಬರಿದಾದರೆ ಅದು ಸುನಾಮಿಯ ಸೂಚನೆ. ಸಾಮಾನು ಬಿಟ್ಟು ಎತ್ತರಕ್ಕೆ ಓಡಿ.

ಹೆಜ್ಜೆ 4: ಇಳಿಯುವುದು, ನಡೆಯುವುದು

ಮರಳಿನ ದಾರಿಯಿಂದಲೇ ಇಳಿಯಿರಿ. ಪಾದ ಎತ್ತಿ ಇಡಬೇಡಿ, ಮರಳಿಗೆ ಉಜ್ಜುತ್ತ ಎಳೆದುಕೊಂಡು ಹೋಗಿ. ತೊರಕೆ ಮೀನು (ಸ್ಟಿಂಗ್‌ರೇ) ಮರಳು ಹೊದ್ದು ಮಲಗಿರುತ್ತದೆ. ಉಜ್ಜುವ ಸದ್ದಿಗೆ ತಾನಾಗಿ ಸರಿದು ಹೋಗುತ್ತದೆ, ಮೈಮೇಲೆ ಪಾದವಿಟ್ಟರೆ ಮಾತ್ರ ಬಾಲದ ಮುಳ್ಳಿನಿಂದ ಹೊಡೆಯುತ್ತದೆ. ಆದರೆ ಈ ಉಪಾಯ ವಿಷಮುಳ್ಳಿನ ಮೀನಾದ ಸ್ಟೋನ್‌ಫಿಶ್‌ಗೆ ನಡೆಯುವುದಿಲ್ಲ. ಅದು ಕಲ್ಲಿನಂತೆ ಕಾಣುತ್ತ ಕಲ್ಲುಗಳ ನಡುವೆ ಕೂತಿರುತ್ತದೆ, ಕದಲುವುದೇ ಇಲ್ಲ. ಆದ್ದರಿಂದ ಕಲ್ಲು, ಹವಳದ ಚೂರು ಹರಡಿರುವ ಜಾಗದಲ್ಲಿ ನಡೆಯುವುದನ್ನು ಬಿಟ್ಟು ತೇಲುತ್ತ ದಾಟಿ.

ಆಳವನ್ನು ಕಣ್ಣಳತೆಯಿಂದ ನಿರ್ಧರಿಸಬೇಡಿ. ಬೆಳಕು ಬಾಗುವುದರಿಂದ ಮೇಲಿನಿಂದ ನೋಡುವವರಿಗೆ ಆಳ ಮುಕ್ಕಾಲು ಪಾಲು ಮಾತ್ರ ಕಾಣುತ್ತದೆ. ಎರಡು ಮೀಟರ್ ಇರುವುದು ಒಂದೂವರೆ ಎನಿಸುತ್ತದೆ. ತಿಳಿನೀರಿನಲ್ಲಿ ಎದೆಮಟ್ಟ ಎಂದುಕೊಂಡು ಮುಂದಡಿಯಿಟ್ಟವರು ಮುಳುಗುವುದು ಇದರಿಂದಲೇ. ತಲೆ ಮುಂದಾಗಿ ಧುಮುಕುವುದಂತೂ ಬೇಡವೇ ಬೇಡ.

ಸೊಂಟದ ಮಟ್ಟ ದಾಟುವ ಮುನ್ನ ಹರಿವನ್ನು ಅಳೆಯಿರಿ. ತಳದಲ್ಲಿ ಒಂದು ಕಲ್ಲನ್ನೋ ಹವಳವನ್ನೋ ಗುರುತು ಹಿಡಿದು, ಅದರ ನೇರಕ್ಕೆ ಕೈಕಾಲು ಆಡಿಸದೆ ಒಂದು ನಿಮಿಷ ತೇಲಿ. ನಾಲ್ಕೈದು ಮೀಟರ್ ಸರಿದರೆ ಪರವಾಗಿಲ್ಲ. 15 ಮೀಟರ್ ಸರಿದರೆ ಹಿಂದಿರುಗಿ: ಸಾಮಾನ್ಯ ಈಜುಗಾರರು ನಿಮಿಷಕ್ಕೆ ಸಾಗುವುದೇ 30-40 ಮೀಟರ್, ದಣಿದಾಗ ಇನ್ನೂ ಕಡಿಮೆ. ಸರಿದದ್ದು ಕಂಡಿಯ ಕಡೆಗಾದರೆ ಐದು ಮೀಟರ್ ಕೂಡ ಹೆಚ್ಚೇ. ಈ ಪರೀಕ್ಷೆಯನ್ನು ಅರ್ಧ ಗಂಟೆಗೊಮ್ಮೆ ಮಾಡುತ್ತಿರಿ. ಹೋಗುವಾಗ ಹರಿವಿಗೆ ಎದುರಾಗಿ ಈಜಿ, ಬರುವಾಗ ಅದೇ ಹರಿವು ನಿಮ್ಮನ್ನು ತರಲಿ.

ಸೆಳೆತಕ್ಕೆ ಸಿಕ್ಕಿಬಿದ್ದರೆ ಅದಕ್ಕೆ ಎದುರಾಗಿ ಈಜಬೇಡಿ. ಅಂಗಾತ ತೇಲಿ, ಉಸಿರು ಹಿಡಿತಕ್ಕೆ ತಂದುಕೊಳ್ಳಿ, ಒಂದು ಕೈ ಮೇಲೆತ್ತಿ, ಸೀಟಿ ಊದಿ. ಹರಿವಿಗೆ ಅಡ್ಡಲಾಗಿ ಲಗೂನಿನ ಒಳಬದಿಗೆ ಸರಿಯಲು ಸಾಧ್ಯವಾದರೆ ನಿಧಾನವಾಗಿ ಸರಿಯಿರಿ. ಕಂಡಿಯಿಂದ ಹೊರಗೆ ಹೋಗಿಬಿಟ್ಟರೆ ದಿಬ್ಬದ ಮೇಲೆ ಹತ್ತಿ ಮರಳುವ ಪ್ರಯತ್ನ ಬೇಡ. ಅಲ್ಲಿ ಒಡೆಯುವ ಅಲೆ ಹರಿತವಾದ ಹವಳದ ಮೇಲೆ ಕೆಡವುತ್ತದೆ. ಹೊರಗೆ ಸೆಳೆತ ಬೇಗ ಬಲ ಕಳೆದುಕೊಳ್ಳುತ್ತದೆ. ನೊರೆಯಿಂದ ದೂರ ತೇಲುತ್ತ, ಸನ್ನೆ ಮಾಡುತ್ತ ದೋಣಿಗಾಗಿ ಕಾಯಿರಿ. ದಡದಲ್ಲಿ ಒಬ್ಬರು ಸದಾ ಕಾವಲಿರಬೇಕು ಎನ್ನುವುದು ಇದಕ್ಕೇ.

ಮುಖವಾಡ ಹಾಕಿ ಹವಳ ನೋಡುವುದು

ಕಣ್ಣು, ಮೂಗು ಮುಚ್ಚುವ ಗಾಜಿನ ಮಾಸ್ಕ್ ಆರಿಸುವಾಗ ಪಟ್ಟಿ ಕಟ್ಟದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದುಕೊಳ್ಳಿ. ಕೈ ಬಿಟ್ಟರೂ ಅದು ಅಂಟಿ ನಿಲ್ಲಬೇಕು. ನೀರು ಸೋರಿದರೆ ಪಟ್ಟಿ ಬಿಗಿಯುವವರೇ ಹೆಚ್ಚು. ಬಿಗಿದಷ್ಟೂ ಅಂಚು ಸೊಟ್ಟಗಾಗಿ ಇನ್ನೂ ಸೋರುತ್ತದೆ. ನಿಜವಾದ ಕಾರಣ ಸಾಮಾನ್ಯವಾಗಿ ಅಂಚಿನಡಿ ಸಿಕ್ಕ ಕೂದಲು, ಮೀಸೆ, ಅಥವಾ ಹಣೆಗೆ ಹಚ್ಚಿದ ಸನ್‌ಸ್ಕ್ರೀನ್. ಮೀಸೆಯ ಮೇಲಂಚಿಗೆ ತೆಳ್ಳಗೆ ವ್ಯಾಸಲೀನ್ ಸವರಿದರೆ ಸೋರಿಕೆ ನಿಲ್ಲುತ್ತದೆ. ಹೊಸ ಮಾಸ್ಕಿನ ಗಾಜಿಗೆ ಕಾರ್ಖಾನೆಯ ಜಿಡ್ಡು ಅಂಟಿರುತ್ತದೆ. ಬಿಳಿ ಟೂತ್‌ಪೇಸ್ಟಿನಿಂದ ಒಳಗಡೆ ಉಜ್ಜಿ ತೊಳೆಯದಿದ್ದರೆ ಏನು ಮಾಡಿದರೂ ಮಂಜು ಕಟ್ಟುತ್ತದೆ. ಆಮೇಲೆ ಪ್ರತಿ ಸಲ ಇಳಿಯುವ ಮುನ್ನ ಉಗುಳು ಅಥವಾ ಒಂದು ಹನಿ ಮಕ್ಕಳ ಶಾಂಪೂ ಸವರಿ ತೊಳೆದರೆ ಸಾಕು.

ಮೊದಲು ಸೊಂಟದ ನೀರಿನಲ್ಲಿ ನಿಂತು, ಮುಖ ಮಾತ್ರ ಅದ್ದಿ, ಸ್ನಾರ್ಕೆಲ್ ಎಂಬ ಉಸಿರುಕೊಳವೆಯ ಮೂಲಕ ಬಾಯಿಂದ ನಿಧಾನವಾಗಿ ಉಸಿರಾಡುವುದನ್ನು ಐದು ನಿಮಿಷ ರೂಢಿಸಿಕೊಳ್ಳಿ. ಕೊಳವೆಗೆ ನೀರು ಬಂದರೆ ತುಟಿ ಬಿಗಿಹಿಡಿದು ಒಂದೇ ಸಲ ಜೋರಾಗಿ ಊದಿ. ಮುಳುಗುವ ಮುನ್ನ ಬೇಗಬೇಗ ಅನೇಕ ಸಲ ಉಸಿರು ತೆಗೆದುಕೊಂಡರೆ ಹೆಚ್ಚು ಹೊತ್ತು ಇರಬಹುದು ಎನ್ನುವ ನಂಬಿಕೆ ಜೀವ ತೆಗೆಯುತ್ತದೆ. ಹಾಗೆ ಮಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಉಸಿರಿನ ತುಡಿತವೇ ಹುಟ್ಟುವುದಿಲ್ಲ. ಆಮ್ಲಜನಕ ಮುಗಿದು ಸೂಚನೆಯಿಲ್ಲದೆ ಪ್ರಜ್ಞೆ ತಪ್ಪುತ್ತದೆ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಸ್ನಾರ್ಕೆಲ್ ಮಾಡಬಾರದು.

ಹವಳದ ಮೇಲೆ ಕನಿಷ್ಠ ಒಂದು ಮೀಟರ್ ನೀರಿರುವಾಗ ಮಾತ್ರ ಅದರ ಮೇಲೆ ತೇಲಿ. ಕಾಲು ಊರಬೇಕೆನಿಸಿದರೆ ಮರಳಿನ ತಾವು ಹುಡುಕಿ. ಗುಂಡು ಹವಳ ವರ್ಷಕ್ಕೆ ಬೆಳೆಯುವುದು ಎರಡು ಸೆಂಟಿಮೀಟರಿಗೂ ಕಡಿಮೆ. ಒಬ್ಬರ ಒಂದು ತುಳಿತಕ್ಕೆ ಅದರ ಜೀವಂತ ಪದರ ಸಾಯುತ್ತದೆ. ಈಜಲು ಕಾಲಿಗೆ ಹಾಕಿಕೊಳ್ಳುವ ರಬ್ಬರ್ ರೆಕ್ಕೆಗಳು ಮಾಡುವ ಹಾನಿ ಬಹಳಷ್ಟು ಸಲ ನಮಗೆ ಗೊತ್ತೇ ಆಗುವುದಿಲ್ಲ, ತಿರುಗುವಾಗ ನಿಧಾನಿಸಿ. ಗಿಳಿಮೀನು ಹವಳ ಕೆರೆಯುವ ಸದ್ದು ನೀರಿನೊಳಗೆ ಸ್ಪಷ್ಟವಾಗಿ ಕೇಳುತ್ತದೆ, ಗಮನಿಸಿ. ಅದು ಅರೆದು ಹೊರಹಾಕುವ ಪುಡಿಯೇ ಈ ಬಿಳಿ ಮರಳಿನ ದೊಡ್ಡ ಪಾಲು.

ಶಂಕುವಿನಾಕಾರದ ಚೆಂದದ ಚಿಪ್ಪು ಕಂಡರೆ ಕೈಗೆತ್ತಿಕೊಳ್ಳಬೇಡಿ. ಒಳಗೆ ಜೀವವಿರುವ ಕೋನ್ ಶಂಖ ಸೂಜಿಯಂಥ ಹಲ್ಲನ್ನು ಚುಚ್ಚಿ ವಿಷ ಬಿಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ.

ಮಕ್ಕಳು ನೀರಿನಲ್ಲಿರುವಾಗ

ಈಜು ಬಾರದ ಮಗು ಒಂದು ಕೈಯಳತೆಯಲ್ಲೇ ಇರಬೇಕು. ನೋಡುತ್ತಿದ್ದೇನೆ ಎಂದು ದಡದಲ್ಲಿ ಕುಳಿತರೆ ಸಾಲದು: ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ, ಒಂದು ನಿಮಿಷದೊಳಗೆ ಸದ್ದಿಲ್ಲದೆ ಕೆಳಗೆ ಹೋಗುತ್ತದೆ. ತೋಳಿಗೆ ಹಾಕುವ ಗಾಳಿಚೀಲ ಆಟಿಕೆಯಷ್ಟೇ. ಬೇಕಾದ್ದು ಮಗುವಿನ ತೂಕಕ್ಕೆ ಸರಿಹೊಂದುವ, ಕಾಲ ಸಂದಿನ ಪಟ್ಟಿ ಇರುವ ಲೈಫ್ ಜಾಕೆಟ್. ಹತ್ತು ಜನ ದೊಡ್ಡವರಿರುವ ಗುಂಪಿನಲ್ಲೇ ಮಗುವನ್ನು ಯಾರೂ ನೋಡದಿರುವ ಸಂಭವ ಹೆಚ್ಚು. 15 ನಿಮಿಷಕ್ಕೊಬ್ಬರಂತೆ ಹೆಸರು ಹಿಡಿದು ಪಾಳಿ ಹಂಚಿಕೊಳ್ಳಿ. ಪಾಳಿಯಲ್ಲಿರುವವರ ಕೈಯಲ್ಲಿ ಫೋನ್ ಇರಬಾರದು.

28 ಡಿಗ್ರಿಯ ನೀರೂ ಮೈಯ ಶಾಖವನ್ನು ಹೀರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ಮಗುವಿನ ತುಟಿ ನೀಲಿಯಾಗುವುದಕ್ಕೆ ಕಾಯದೆ ಅರ್ಧ ಗಂಟೆಗೊಮ್ಮೆ ಹೊರತಂದು ಒರೆಸಿ, ನೆರಳಿನಲ್ಲಿ ಕೂರಿಸಿ, ನೀರು ಕುಡಿಸಿ.

ಚುಚ್ಚಿದರೆ, ಕುಟುಕಿದರೆ

ತೊರಕೆ, ಸ್ಟೋನ್‌ಫಿಶ್, ಮುಳ್ಳುಚೆಂಡಿನಂಥ ಸೀ ಅರ್ಚಿನ್ ಚುಚ್ಚಿದರೆ ಬಿಸಿನೀರೇ ಮೊದಲ ಚಿಕಿತ್ಸೆ. ಅವುಗಳ ವಿಷ ಶಾಖಕ್ಕೆ ಬಲ ಕಳೆದುಕೊಳ್ಳುತ್ತದೆ. ಗಾಯವಾದ ಭಾಗವನ್ನು ಸುಮಾರು 45 ಡಿಗ್ರಿ ಬಿಸಿಯ ನೀರಿನಲ್ಲಿ 30ರಿಂದ 90 ನಿಮಿಷ ಅದ್ದಿಡಿ. ಥರ್ಮಾಸಿನ ನೀರನ್ನು ನೇರ ಸುರಿಯಬೇಡಿ. ತಣ್ಣೀರು ಬೆರೆಸಿ, ಗಾಯವಾಗದ ಇನ್ನೊಂದು ಕಾಲಿನಿಂದ ಬಿಸಿ ಪರೀಕ್ಷಿಸಿ. ನೋವಿನಲ್ಲಿರುವ ಕಾಲಿಗೆ ಸುಡುವುದು ತಿಳಿಯುವುದಿಲ್ಲ. ತೊರಕೆಯ ಮುಳ್ಳು ಎದೆ, ಹೊಟ್ಟೆ, ಕತ್ತಿನಲ್ಲಿ ನಾಟಿದ್ದರೆ ಕೀಳದೆ ಹಾಗೆಯೇ ಆಸ್ಪತ್ರೆಗೆ ಒಯ್ಯಿರಿ. ಸ್ಟೋನ್‌ಫಿಶ್ ಚುಚ್ಚಿದ್ದರೆ ನೋವು ಇಳಿದರೂ ಆಸ್ಪತ್ರೆಗೆ ಹೋಗಬೇಕು, ಅದಕ್ಕೆ ಪ್ರತಿವಿಷವಿದೆ. ಸೀ ಅರ್ಚಿನ್ನಿನ ಮುಳ್ಳು ಹೊರಗೆ ಕಾಣುವಷ್ಟನ್ನು ಚಿಮಟದಿಂದ ನೇರ ಎಳೆಯಿರಿ, ಆಳದ್ದನ್ನು ಕೆದಕಬೇಡಿ; ಅದು ಒಳಗೇ ಪುಡಿಯಾಗುತ್ತದೆ.

ಜೆಲ್ಲಿ ಮೀನಿನ ವಿಷಯದಲ್ಲಿ ಒಂದೇ ಮದ್ದು ಎಲ್ಲಕ್ಕೂ ಆಗುವುದಿಲ್ಲ. ಪೆಟ್ಟಿಗೆಯಾಕಾರದ, ಉಷ್ಣವಲಯದ ಬಾಕ್ಸ್ ಜೆಲ್ಲಿಯಾದರೆ 30 ಸೆಕೆಂಡಿಗೆ ಕಡಿಮೆಯಿಲ್ಲದಂತೆ ವಿನೆಗರ್ ಸುರಿದು, ಆಮೇಲೆ ಮೈಗಂಟಿದ ಅದರ ಎಳೆಗಳನ್ನು ತೆಗೆದು, ತಡಮಾಡದೆ ಆಸ್ಪತ್ರೆಗೆ ಹೋಗಿ. ನೀಲಿ ಬಲೂನಿನಂಥ ಬ್ಲೂಬಾಟಲ್ ಆದರೆ ವಿನೆಗರ್ ಬೇಡ. ಎಳೆಗಳನ್ನು ತೆಗೆದು, ಸಮುದ್ರದ ನೀರಿನಿಂದ ತೊಳೆದು, 45 ಡಿಗ್ರಿಯ ನೀರಿನಲ್ಲಿ 20 ನಿಮಿಷ ಅದ್ದಿ. ಆ ತೀರದಲ್ಲಿ ಯಾವುದು ಬರುತ್ತದೆಂದು ಇಳಿಯುವ ಮೊದಲೇ ಜೀವರಕ್ಷಕರನ್ನು ಕೇಳಿಟ್ಟುಕೊಳ್ಳಿ. ಯಾವುದಾದರೂ ಸರಿ, ಮರಳಿನಿಂದ ಉಜ್ಜುವುದು, ಸಿಹಿನೀರು ಸುರಿಯುವುದು, ಮೂತ್ರ ಹೊಯ್ಯುವುದು ಮೂರೂ ತಪ್ಪು. ಒಡೆಯದೆ ಉಳಿದ ವಿಷಕೋಶಗಳು ಅದರಿಂದ ಒಡೆಯಬಹುದು.

ಹೊರಡುವಾಗ ಮತ್ತು ಆಮೇಲೆ

ಮೈ, ಮಾಸ್ಕ್, ಶೂ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ತಲೆ ಒಂದೊಂದು ಬದಿಗೆ ವಾಲಿಸಿ ಕಿವಿಯ ನೀರು ಬಸಿದು, ಬಟ್ಟೆಯಿಂದ ಹೊರಭಾಗ ಮಾತ್ರ ಒರೆಸಿ. ಕಡ್ಡಿ ಹಾಕಿದರೆ ನೆನೆದ ಚರ್ಮ ಗೀರಿ ಸೋಂಕಾಗುತ್ತದೆ. ಚಿಪ್ಪು, ಹವಳದ ಚೂರು ಅಲ್ಲೇ ಇರಲಿ. ಬಹಳ ಕಡೆ ಒಯ್ಯುವುದು ಅಪರಾಧ. ಅಲ್ಲದೆ ಖಾಲಿ ಚಿಪ್ಪೂ ಸನ್ಯಾಸಿ ಏಡಿಗೆ ಮನೆಯಾಗುತ್ತದೆ.

ಹವಳ ತರಚಿದ ಗಾಯವನ್ನು ಹಗುರವಾಗಿ ಕಾಣಬೇಡಿ. ಹವಳದ ಸಣ್ಣ ಚೂರು, ಲೋಳೆ ಒಳಗುಳಿದು ವಾರಗಟ್ಟಲೆ ಕಾಡುತ್ತದೆ. ಅದೇ ಹೊತ್ತಿಗೆ ಸಾಬೂನು ಮತ್ತು ಶುದ್ಧ ನೀರಿನಿಂದ, ಉರಿದರೂ ಸರಿ, ಉಜ್ಜಿ ತೊಳೆದು ಚೂರು ತೆಗೆಯಿರಿ. ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಗಿತ್ತು ಎಂದು ನೋಡಿಕೊಳ್ಳಿ. ಬೆಚ್ಚಗಿನ ಕಡಲಿನಲ್ಲಿ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾಗಳಿರುತ್ತವೆ. ಸಕ್ಕರೆ ಕಾಯಿಲೆ, ಯಕೃತ್ತಿನ ತೊಂದರೆ ಇರುವವರಲ್ಲಿ ಅವು ಗಂಟೆಗಳಲ್ಲೇ ಉಲ್ಬಣಿಸಬಹುದು. ಹಾಗಾಗಿ ಇಂಥವರು ತೆರೆದ ಗಾಯವಿದ್ದಾಗ ನೀರಿಗೆ ಇಳಿಯಲೇಬಾರದು. ಯಾರಿಗೇ ಆಗಲಿ, ಗಾಯದ ಸುತ್ತ ಕೆಂಪು ಹರಡಿದರೆ, ಊದಿಕೊಂಡರೆ, ಗುಳ್ಳೆಯೆದ್ದರೆ, ಜ್ವರ ಬಂದರೆ ಅಂದೇ ವೈದ್ಯರ ಬಳಿ ಹೋಗಿ, ಗಾಯವಾದದ್ದು ಸಮುದ್ರದ ನೀರಿನಲ್ಲಿ ಎಂದು ಮರೆಯದೆ ಹೇಳಿ. ಕೊಡಬೇಕಾದ ಔಷಧ ಅದರ ಮೇಲೆ ಬದಲಾಗುತ್ತದೆ.